ತೆಳುಗಾಳಿಯಲ್ಲಿ ಬೆಳೆದ ವಿಮಾನಸಂಸ್ಥೆ

1958ರಲ್ಲಿ ನಮ್ಮ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಭೂತಾನಕ್ಕೆ ಭೇಟಿಯಿತ್ತಾಗ ಆ ದೇಶಕ್ಕೆ ಮೋಟಾರು ರಸ್ತೆಯಿರಲಿಲ್ಲ. ಅವರು ಸಿಕ್ಕಿಮಿನಿಂದ ಹೊರಟು, ಟಿಬೆಟ್ಟಿನ ಚುಂಬಿ ಕಣಿವೆಯನ್ನು ಹಾದು, ಕುದುರೆ ಹಾಗೂ ಯಾಕುಗಳ ಬೆನ್ನೇರಿ ಪಾರೋ ಎಂಬ ಊರನ್ನು ಸೇರಬೇಕಾಯಿತು. ಅದೇ ಪಾರೋ ಕಣಿವೆಯಲ್ಲಿ 1968ರಲ್ಲಿ ಭಾರತದ ಗಡಿರಸ್ತೆ ಸಂಸ್ಥೆಯು ಪುಟ್ಟದೊಂದು ವಿಮಾನನೆಲೆಯನ್ನು ನಿರ್ಮಿಸಿತು. 1981ರಲ್ಲಿ ರಾಜಾಜ್ಞೆಯಿಂದ ‘ಡ್ರುಕ್ ಏರ್’ ಸ್ಥಾಪಿತವಾಯಿತು. 1983ರ ಫೆಬ್ರವರಿ 11ರಂದು ಅದರ ಮೊದಲ ವಿಮಾನ ಪಾರೋದಿಂದ ಕಲ್ಕತ್ತೆಗೆ ಹಾರಿತು. ಅದು ಕೇವಲ 18 ಆಸನಗಳ ಡಾರ್ನಿಯರ್ 228.

ಇಡೀ ರಾಷ್ಟ್ರಕ್ಕೆ ಇಷ್ಟು ಚಿಕ್ಕ ವಿಮಾನವೇಕೆ? ಹಣದ ಪ್ರಶ್ನೆ ಇದ್ದೇ ಇತ್ತು. ಆದರೆ ಅದಕ್ಕಿಂತ ಕಠಿಣವಾದ ಕಟ್ಟಳೆಯನ್ನು ವಿಧಿಸಿದುದು ಅಲ್ಲಿಯ ಗಾಳಿ.

ಪಾರೋ ಸಮುದ್ರಮಟ್ಟದಿಂದ ಸುಮಾರು 2,235 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ವಾಯುವಿನ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದರ ಐದರಲ್ಲಿ ನಾಲ್ಕು ಪಾಲು ಮಾತ್ರ. ರೆಕ್ಕೆಯ ಎತ್ತುವ ಬಲವು ವಾಯುವಿನ ಸಾಂದ್ರತೆಗೂ ವೇಗದ ವರ್ಗಕ್ಕೂ ಅನುಪಾತದಲ್ಲಿರುತ್ತದೆಂಬುದನ್ನು ನಾವು ಬಲ್ಲೆವಷ್ಟೆ. ಸಾಂದ್ರತೆ ತಗ್ಗಿದಾಗ ಅದೇ ತೂಕವನ್ನು ಎತ್ತಲು ವೇಗ ಹೆಚ್ಚಲೇಬೇಕು. ಲೆಕ್ಕಕ್ಕಾಗಿ, ಕಡಲತೀರದಲ್ಲಿ ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ನೆಲಬಿಡುವ ಒಂದು ವಿಮಾನವನ್ನು ಕಲ್ಪಿಸಿಕೊಳ್ಳೋಣ. ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 2 ಮೀಟರ್ ಇದ್ದರೆ ಅದು ಓಡಬೇಕಾದ ದೂರ 900 ಮೀಟರ್. ಪಾರೋದಲ್ಲಿ ಅದಕ್ಕೆ ಸುಮಾರು 67 ಮೀಟರ್ ವೇಗ ಬೇಕು. ದೂರ 1,125 ಮೀಟರಿಗೆ ಏರುತ್ತದೆ. ಇಷ್ಟಕ್ಕೇ ಮುಗಿಯಲಿಲ್ಲ. ತೆಳುಗಾಳಿಯಲ್ಲಿ ಎಂಜಿನಿನ ನೂಕುಬಲವೂ ಕುಗ್ಗುತ್ತದೆ. ವೇಗೋತ್ಕರ್ಷ 1.6ಕ್ಕೆ ಇಳಿಯಿತೆಂದರೆ ಓಟದ ದೂರ ಸುಮಾರು 1,400 ಮೀಟರ್! ಅಲ್ಲಿಯ ಹಳೆಯ ರನ್‌ವೇಯ ಒಟ್ಟು ಉದ್ದವೇ ಹೆಚ್ಚುಕಡಿಮೆ ಅಷ್ಟು. ಕೊನೆಯ ಕ್ಷಣದಲ್ಲಿ ಓಟವನ್ನು ಕೈಬಿಡಬೇಕಾದರೆ ನಿಲ್ಲಲು ನೆಲವೆಲ್ಲಿ?

ಸಂಸ್ಥೆಯು 1988ರಲ್ಲಿ ಬ್ರಿಟಿಷ್ ಏರೋಸ್ಪೇಸ್ 146 ಎಂಬ ಜೆಟ್ ವಿಮಾನವನ್ನು ತರಿಸಿದುದರ ಮರ್ಮವನ್ನು ಈಗ ತಿಳಿಯಬಹುದು. ಅದು ಗಿಡ್ಡ ರನ್‌ವೇಗೆಂದೇ ರೂಪಿಸಿದ ವಿಮಾನ; ಸುಮಾರು 70 ಜನರ ಈ ಸಾಧಾರಣ ಗಾತ್ರದ ವಿಮಾನಕ್ಕೆ ಎಂಜಿನುಗಳು ಮಾತ್ರ ನಾಲ್ಕು. ಒಂದು ಕೆಟ್ಟರೂ ಮುಕ್ಕಾಲು ಪಾಲು ಬಲ ಉಳಿಯುತ್ತದೆ. ಸುತ್ತಲೂ 5,000 ಮೀಟರಿಗೂ ಮಿಗಿಲಾದ ಶಿಖರಗಳಿರುವಾಗ ಇದು ದುಂದಲ್ಲ, ಪ್ರಾಣದ ಪ್ರಶ್ನೆ. 1990ರ ಸುಮಾರಿಗೆ ರನ್‌ವೇಯನ್ನು ಹತ್ತಿರ ಹತ್ತಿರ 2,000 ಮೀಟರಿಗೆ ಬೆಳೆಸಿದರು.

2004ರಲ್ಲಿ ನೂರಕ್ಕೂ ಹೆಚ್ಚು ಆಸನಗಳ ಏರ್‌ಬಸ್ ಎ319 ಬಂದಿತು. ಇದಕ್ಕಿರುವುದು ಎರಡೇ ಎಂಜಿನು! ಒಂದು ಕೆಟ್ಟರೆ ಉಳಿದೊಂದೇ ಇಡೀ ಹೊರೆಯನ್ನು ಕಣಿವೆಯಿಂದ ಮೇಲಕ್ಕೊಯ್ಯಬೇಕು. ಆದುದರಿಂದ ಪ್ರತಿಯೊಂದೂ ಬಲಿಷ್ಠವಾಗಿರಬೇಕು. ಎರಡೂ ಸರಿಯಿರುವಾಗ ಬಲ ಮಿಗುತ್ತದೆ. ಅಲ್ಲದೆ ಹೊರಡುವಾಗಿನ ತೂಕಕ್ಕೂ ಮಿತಿಯುಂಟು. ಬಿಸಿಲೇರಿದರೆ ಗಾಳಿ ಇನ್ನೂ ತೆಳುವಾಗುವುದರಿಂದ ಆ ಮಿತಿಯೂ ತಗ್ಗುತ್ತದೆ.

ಬಿಸಿಲಿನ ಉಪದ್ರವ ಮತ್ತೊಂದಿದೆ. ಬೆಟ್ಟದ ಇಳಿಜಾರುಗಳು ಕಾದಂತೆ ಅಲ್ಲಿಯ ಗಾಳಿ ಹಗುರವಾಗಿ ಮೇಲೇಳುತ್ತದೆ. ಆ ತೆರವನ್ನು ತುಂಬಲು ಕೆಳಗಣಿಂದ ಗಾಳಿ ನುಗ್ಗಿಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಪಾರೋ ಕಣಿವೆಯಲ್ಲಿ ಇದು ಬಿರುಸಾಗಿ, ವಿಮಾನವನ್ನು ಎತ್ತಿ ಕುಕ್ಕುವಷ್ಟಾಗುತ್ತದೆ. ಹೀಗಾಗಿ ಅಲ್ಲಿ ಹಾರಾಟಗಳನ್ನು ಆದಷ್ಟೂ ಬೆಳಗಿನ ಹೊತ್ತಿಗೇ ಗೊತ್ತುಪಡಿಸುತ್ತಾರೆ.