ಹಿಮದಾಟ ಮತ್ತು ಸವಕಳಿ: ನಾಲ್ಕು ಚಕ್ರ ಚಾಲನೆಯ ಕಾರುಗಳ ಒಂದು ಅಧ್ಯಯನ

ಲೆಕ್ಕಪತ್ರದಲ್ಲಿ ಸವಕಳಿ ಎಂದರೆ ವರ್ಷಕ್ಕೆ ಶೇಕಡಾ ಇಷ್ಟು ಎಂದು ಕಳೆಯುವ ಅಂಕಿ. ಯಂತ್ರದೊಳಗಿನ ಸವಕಳಿ ಅಷ್ಟು ಶಿಸ್ತಿನದಲ್ಲ. ಹಲವು ವರ್ಷಗಳ ಪಾಲು ಒಂದೇ ಸಂಜೆಯಲ್ಲಿ ತೀರಿಹೋಗಬಹುದು. ಹಿಮದ ನಾಡುಗಳ ನಾಲ್ಕು ಚಕ್ರ ಚಾಲನೆಯ ಕಾರುಗಳು ಇದಕ್ಕೆ ನಿದರ್ಶನ.

ಜೀಪುಗಳಲ್ಲಿ ರೂಢಿಯಲ್ಲಿದ್ದ ಈ ವ್ಯವಸ್ಥೆಯನ್ನು ಸಾಮಾನ್ಯ ಕಾರಿಗೆ ತಂದವರಲ್ಲಿ 1972ರ ಸುಬಾರು ಲಿಯೋನ್ ಮತ್ತು 1980ರ ಆಡಿ ಕ್ವಾಟ್ರೋ ತಯಾರಕರು ಪ್ರಮುಖರು. ಅಮೆರಿಕದ ವರ್ಮಾಂಟ್‌ನಂತಹ ಚಳಿ ರಾಜ್ಯಗಳಲ್ಲಿಯೂ ಸ್ವೀಡನ್, ಫಿನ್ಲೆಂಡ್‌ಗಳಲ್ಲಿಯೂ ಹಿಮ ಬಿದ್ದ ರಾತ್ರಿ ಖಾಲಿ ಬಯಲಿನಲ್ಲಿ ಕಾರನ್ನು ಅಡ್ಡಡ್ಡ ಜಾರಿಸುವುದು, ಗಿರಗಿರನೆ ಸುತ್ತಿಸುವುದು ಕೆಲವರಿಗೆ ಮೋಜು. ಇದರಿಂದ ಕಾರು ಕೆಡುತ್ತದೆಯೇ ಎಂಬ ಪ್ರಶ್ನೆಗೆ ಮಾಲೀಕರು ಕೊಡುವ ಉತ್ತರವೇ ಬೇರೆ, ಗ್ಯಾರೇಜಿನವರು ಕೊಡುವ ಉತ್ತರವೇ ಬೇರೆ. ಎರಡರಲ್ಲಿಯೂ ಸತ್ಯವಿದೆ.

ಒಣ ಡಾಂಬರಿನ ಮೇಲೆ ಟೈರಿನ ಘರ್ಷಣಾಂಕ ಸುಮಾರು 0.8, ಒತ್ತಿದ ಹಿಮದ ಮೇಲೆ 0.2ರಿಂದ 0.3. ಚಕ್ರಕ್ಕೆ ಹಿಡಿತವಿಲ್ಲದಿದ್ದಾಗ ಗೇರು, ಆಕ್ಸೆಲ್‌ಗಳ ಮೇಲೆ ಬೀಳುವ ಭಾರವೂ ಅಷ್ಟೇ ಕಡಿಮೆ. ಹೆಚ್ಚಿನ ಬಲ ಜಾರಿಕೆಯಲ್ಲಿಯೇ ಕಳೆದುಹೋಗುತ್ತದೆ; ಟೈರು ಕೂಡ ಹೆಚ್ಚು ಸವೆಯುವುದಿಲ್ಲ. ಈ ಮಟ್ಟಿಗೆ ಮಾಲೀಕರ ವಾದ ಸರಿ.

ಹಾನಿ ಆರಂಭವಾಗುವುದು ಹಿಡಿತ ಮರಳಿದ ಕ್ಷಣದಲ್ಲಿ. ಹಿಮದ ಮೇಲೆ ವೇಗವಾಗಿ ಬಿಡಿಯಾಗಿ ತಿರುಗುತ್ತಿದ್ದ ಚಕ್ರ ಹಠಾತ್ತನೆ ಬರಿಯ ಡಾಂಬರಿನ ತುಂಡನ್ನು ಮುಟ್ಟಿದರೆ, ಎಂಜಿನ್ ಹಾಗೂ ತಿರುಗುವ ಭಾಗಗಳ ವೇಗವೆಲ್ಲ ಒಂದೇ ಪೆಟ್ಟಾಗಿ ಆಕ್ಸೆಲ್ ಮತ್ತು ಡಿಫರೆನ್ಶಿಯಲ್‌ಗಳಿಗೆ ಬಡಿಯುತ್ತದೆ. ಆದುದರಿಂದ ಉದ್ದಕ್ಕೂ ಒಂದೇ ಸಮನಾದ ಹೆಪ್ಪುಗಟ್ಟಿದ ಸರೋವರಕ್ಕಿಂತ ಅರ್ಧ ಗುಡಿಸಿದ ವಾಹನ ನಿಲುಗಡೆಯೇ ಅಪಾಯಕಾರಿ. ಹಿಮದಡಿ ಅಡಗಿದ ಕಲ್ಲಿನ ಅಂಚಿಗೆ ಚಕ್ರ ಅಡ್ಡಲಾಗಿ ಬಡಿದರಂತೂ ರಿಮ್ಮು, ಬೇರಿಂಗು, ಸಸ್ಪೆನ್ಷನ್ ತೋಳುಗಳ ಲೆಕ್ಕ ಬೇರೆಯೇ ಆಗುತ್ತದೆ.

ಎರಡನೆಯ ಶತ್ರು ಶಾಖ; ಚಳಿಯಲ್ಲಿ ಇದು ವಿಚಿತ್ರವಾಗಿ ತೋರಬಹುದು. ಹಳೆಯ ಮಾದರಿಗಳ ಪೈಕಿ ಅನೇಕವುಗಳಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಬಿಗಿಯಾಗಿ ಮುಚ್ಚಿದ ಡಬ್ಬಿಯೊಂದಿರುತ್ತದೆ. ಅದರೊಳಗೆ ಒತ್ತೊತ್ತಾದ ಉಕ್ಕಿನ ಬಿಲ್ಲೆಗಳು, ನಡುವೆ ಸಿಲಿಕೋನ್ ದ್ರವ. ವೇಗದಲ್ಲಿ ವ್ಯತ್ಯಾಸ ಬಂದಾಗ ದ್ರವ ಕಡೆಯಲ್ಪಟ್ಟು ಬಲವನ್ನು ಆಚೆಗೆ ಸಾಗಿಸುತ್ತದೆ. ವ್ಯತ್ಯಾಸ ದೀರ್ಘವಾದರೆ ಅದು ಕಾದು ಹಿಗ್ಗುತ್ತದೆ. ಮತ್ತೆ ಮತ್ತೆ ಕಾದರೆ ಗುಣಗೆಡುತ್ತದೆ. 1990ರ ದಶಕದ ಕೊನೆಯಿಂದ ಹರಡಿದ ವಿದ್ಯುನ್ಮಾನ ನಿಯಂತ್ರಿತ ಕ್ಲಚ್ಚುಗಳಲ್ಲಿ ಬಿಲ್ಲೆಗಳ ಪುಡಿ ಎಣ್ಣೆಗೆ ಸೇರಿ ಜರಡಿಯನ್ನು ಕಟ್ಟುತ್ತದೆ. ಅತಿಯಾಗಿ ಕಾದಾಗ ಇಂತಹ ಎಷ್ಟೋ ಕಾರುಗಳು ಕ್ಲಚ್ಚನ್ನು ತಾವಾಗಿಯೇ ಬಿಟ್ಟುಕೊಟ್ಟು ಎರಡು ಚಕ್ರಗಳ ಚಾಲನೆಗೆ ಇಳಿಯುತ್ತವೆ. ಆಟ ನಿಲ್ಲಿಸಲು ಅದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕಿಲ್ಲ.

ಹ್ಯಾಂಡ್‌ಬ್ರೇಕ್ ಎಳೆದು ಕಾರನ್ನು ತಿರುಗಿಸುವ ಚಟವೂ ಇಲ್ಲಿಗೇ ಸೇರುತ್ತದೆ. ಹಿಂದಿನ ಚಕ್ರ ನಿಂತು ಮುಂದಿನದು ಓಡುವಾಗ ಆ ಎಳೆದಾಟ ನಡೆಯುವುದು ಮಧ್ಯದ ಜೋಡಣೆಯಲ್ಲಿ. ಕೆಲವು ಕಾರುಗಳು ಬ್ರೇಕ್ ಎಳೆದೊಡನೆ ಈ ಜೋಡಣೆಯನ್ನು ಸಡಿಲಿಸುತ್ತವೆ, ಎಲ್ಲವೂ ಅಲ್ಲ.

ಆದರೆ ಮೋಜಿಗಿಂತ ಉಳಿತಾಯವೇ ಹೆಚ್ಚು ಹಾನಿ ಮಾಡುವ ಸಂದರ್ಭವೂ ಉಂಟು. ಸವೆದ ಒಂದೇ ಟೈರನ್ನು ಬದಲಿಸಿದ ಮಾಲೀಕನನ್ನು ಪರಿಗಣಿಸಬಹುದು. ಹೊಸ ಟೈರಿನ ಅಚ್ಚು ಉಳಿದವುಗಳಿಗಿಂತ 1.6 ಮಿ.ಮೀ. ಆಳವಾಗಿದ್ದರೆ ಸುತ್ತಳತೆಯಲ್ಲಿ ಸುಮಾರು 10 ಮಿ.ಮೀ. ವ್ಯತ್ಯಾಸ. ಎರಡು ಮೀಟರ್ ಸುತ್ತಳತೆಯ ಚಕ್ರ ಒಂದು ಕಿಲೋಮೀಟರಿಗೆ 500 ಸುತ್ತು ಹಾಕುವುದರಿಂದ ಕಿಲೋಮೀಟರಿಗೆ 5 ಮೀಟರ್ ಹೊಂದಿಕೆಯಿಲ್ಲ. ಆಟವಿಲ್ಲದ ದಿನಗಳಲ್ಲಿಯೂ ಈ ವ್ಯತ್ಯಾಸವನ್ನು ಡಿಫರೆನ್ಶಿಯಲ್‌ಗಳೂ ಮಧ್ಯದ ಜೋಡಣೆಯೂ ಸರಿದೂಗಿಸುತ್ತಲೇ ಇರಬೇಕು. ನಾಲ್ಕೂ ಟೈರುಗಳನ್ನು ಒಟ್ಟಿಗೆ ಕೊಳ್ಳಿರೆಂಬ ಸಲಹೆ ಕೇವಲ ವ್ಯಾಪಾರಿಯ ಜಾಣತನವಲ್ಲ.

ವ್ಯವಹಾರದ ದೃಷ್ಟಿಯಿಂದ ಮುಖ್ಯವಾದುದು ಈ ಸವಕಳಿಯ ಬೆಲೆಯನ್ನು ತೆರುವವರು ಯಾರು ಎಂಬುದು. ಆಡಿದವನು ವಸಂತದಲ್ಲಿ ಕಾರನ್ನು ತೊಳೆದು ಮಾರುತ್ತಾನೆ. ಮೀಟರಿನಲ್ಲಿ ಓಡಿದ ದೂರ ಕಡಿಮೆ, ಬಣ್ಣ ಹೊಳೆಯುತ್ತದೆ. ಒಳಗಿನ ಕಥೆ ಎರಡನೆಯ ಮಾಲೀಕನ ಪಾಲಿಗೆ. ಹಳೆಯ ಕಾರಿನ ಅನುಭವಿ ವ್ಯಾಪಾರಿ ಅದಕ್ಕಾಗಿಯೇ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಒಣ ನೆಲದಲ್ಲಿ ನಿಧಾನವಾಗಿ ವೃತ್ತ ಹಾಕಿ ನೋಡುತ್ತಾನೆ. ಕಟಕಟ ಸದ್ದು ಬಂದರೆ ಆಕ್ಸೆಲ್ ಕೀಲು ಸವೆದಿದೆ. ಬಹುಮಟ್ಟಿಗೆ ರಬ್ಬರ್ ಮುಸುಕು ಹರಿದು, ಗ್ರೀಸು ಹೋಗಿ, ರಸ್ತೆಗೆ ಸುರಿದ ಉಪ್ಪಿನ ನೀರು ಒಳಸೇರಿರುತ್ತದೆ. ಕಾರು ಜಗ್ಗಿ ಜಗ್ಗಿ ಚಲಿಸಿದರೆ ಮಧ್ಯದ ಜೋಡಣೆ ಬಿಗಿದಿರುವ ಶಂಕೆ. ಅನಂತರ ಡಿಫರೆನ್ಶಿಯಲ್‌ನ ಎಣ್ಣೆ ಇಳಿಸಿ ಅಯಸ್ಕಾಂತದ ಬಿರಟೆಯನ್ನು ಬೆಳಕಿಗೆ ಹಿಡಿಯುತ್ತಾನೆ. ನುಣುಪಾದ ಬೂದು ಕೆಸರಿದ್ದರೆ ಸಹಜ. ಬೆರಳಿಗೆ ಚುಚ್ಚುವ ಉಕ್ಕಿನ ಚೂರು ಸಿಕ್ಕರೆ ಬೆಲೆಯ ಮಾತುಕತೆ ಮೊದಲಿನಿಂದ ಆರಂಭವಾಗುತ್ತದೆ.