ಇಲ್ಲದ ರೀಲು, ಇರುವ ಸಾಕ್ಷ್ಯ: ಒಂದು ವಿಜ್ಞಾನ ಪಾಠ

ತರಗತಿ: 8. ಘಟಕ: ದಹನ ಮತ್ತು ಜ್ವಾಲೆ. ಅವಧಿ: 40 ನಿಮಿಷ.
ಉದ್ದೇಶ: ಸಾಕ್ಷ್ಯವಿರುವ ಹೇಳಿಕೆಯನ್ನೂ ಬರಿಯ ಊಹೆಯನ್ನೂ ವಿದ್ಯಾರ್ಥಿಗಳು ಬೇರ್ಪಡಿಸುವರು.

ಪೀಠಿಕೆ: ಬ್ರೂಸ್ ಲೀ ಮೊದಲು ತೆರೆಗೆ ಬಂದದ್ದು ಯಾವಾಗ ಎಂದು ಕೇಳಿದೆ. ತರಗತಿ ಎದ್ದು ಕೂತಿತು. 1941ರ ‘ಗೋಲ್ಡನ್ ಗೇಟ್ ಗರ್ಲ್’ ಚಿತ್ರದಲ್ಲಿ, ಎಳೆಗೂಸಾಗಿದ್ದಾಗ, ಅದೂ ಹೆಣ್ಣುಮಗುವಿನ ಪಾತ್ರದಲ್ಲಿ! ನಿರ್ದೇಶಿಸಿದವರು ಎಸ್ತರ್ ಎಂಗ್.

ನಿರೂಪಣೆ: ಎಸ್ತರ್ 1914ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಕುಟುಂಬದಲ್ಲಿ ಹುಟ್ಟಿದರು. ಹಾಂಗ್‌ಕಾಂಗ್‌ಗೆ ಹೋಗಿ 1937ರಲ್ಲಿ ‘ನ್ಯಾಷನಲ್ ಹೀರೋಯಿನ್’ ಎಂಬ ಕ್ಯಾಂಟನೀಸ್ ಚಿತ್ರ ನಿರ್ದೇಶಿಸಿದರು. 1939ರ ಚಿತ್ರವೊಂದರಲ್ಲಿ ನಟಿಸಿದ 36 ಮಂದಿಯೂ ಸ್ತ್ರೀಯರೇ. ಮುಂದೆ ನ್ಯೂಯಾರ್ಕ್‌ನಲ್ಲಿ ಹೋಟೆಲು ನಡೆಸಿದರು, 1970ರಲ್ಲಿ ತೀರಿಕೊಂಡರು. ಅವರ ಬಹುಪಾಲು ಚಿತ್ರಗಳು ಇಂದು ಉಳಿದಿಲ್ಲ.

ಆ ಕಾಲದ ಫಿಲ್ಮು ಸೆಲ್ಯುಲೋಸ್ ನೈಟ್ರೇಟ್‌ನದು. ಅದರ ಅಣುವಿನಲ್ಲೇ ಆಕ್ಸಿಜನ್ ಇದೆ. ಹೊತ್ತಿಕೊಂಡರೆ ನೀರಿನೊಳಗೂ ಉರಿಯಬಲ್ಲದು. ಗಾಳಿ ತಡೆದರೆ ಬೆಂಕಿ ಆರುತ್ತದೆ ಎಂದು ಹಿಂದಿನ ದಿನ ಕಲಿತಿದ್ದ ಮಕ್ಕಳಿಗೆ ಇದು ಸವಾಲಾಯಿತು.

ಚಟುವಟಿಕೆ: ಕಪ್ಪುಹಲಗೆಯಲ್ಲಿ ‘ಸಾಕ್ಷ್ಯವಿದೆ’, ‘ಊಹೆ’ ಎಂಬ ಎರಡು ಕಾಲಂ ಎಳೆದೆ. “ಹಾಗಾದ್ರೆ ಅವರ ಸಿನಿಮಾ ಎಲ್ಲಾ ಸುಟ್ಟುಹೋಗಿವೆ ಮಿಸ್” ಎಂದ ಒಬ್ಬ ಹುಡುಗ. ಯಾವ ಕಾಲಂ? ಚರ್ಚೆ ನಡೆಯಿತು. ನೈಟ್ರೇಟ್ ಫಿಲ್ಮು ಬೆಂಕಿಯಿಲ್ಲದೆಯೂ ವರ್ಷಗಳು ಕಳೆದಂತೆ ವಿಘಟನೆಗೊಂಡು ಅಂಟಾಗಿ, ಕೊನೆಗೆ ಪುಡಿಯಾಗುತ್ತದೆ. ರೀಲುಗಳನ್ನು ಜನ ಎಸೆದದ್ದೂ ಉಂಟು. ಹೇಳಿಕೆ ‘ಊಹೆ’ಗೆ ಹೋಯಿತು.

ಆಗ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: “ಸಿನಿಮಾನೇ ಇಲ್ಲ ಅಂದ್ರೆ ಅವರು ಮಾಡಿದ್ದು ನಿಜ ಅಂತ ಹೆಂಗೆ ನಂಬೋದು?” ಪಾಠದ ತಿರುಳು ಇಲ್ಲೇ ಇತ್ತು. ಪತ್ರಿಕೆಗಳ ಜಾಹೀರಾತು, ಕಸದ ತೊಟ್ಟಿಯಿಂದ ಉಳಿಸಿದ ಆಕೆಯ ನೂರಾರು ಫೋಟೊ, ಅವುಗಳ ಆಧಾರದಿಂದ ಲೂಯಿಸಾ ವೈ 2013ರಲ್ಲಿ ಮುಗಿಸಿದ ಸಾಕ್ಷ್ಯಚಿತ್ರ: ಇವನ್ನು ಒಂದೊಂದಾಗಿ ಮೊದಲ ಕಾಲಂನಲ್ಲಿ ಬರೆದೆವು. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ (1934) ಪ್ರತಿಯೂ ಉಳಿದಿಲ್ಲ, ಆದರೂ ಅದು ತೆರೆಕಂಡದ್ದನ್ನು ಯಾರೂ ಅನುಮಾನಿಸುವುದಿಲ್ಲ ಎಂದು ನೆನಪಿಸಿದೆ. “ಹಂಗಾದ್ರೆ ಇವರನ್ನೂ ನಂಬಬೇಕು” ಎಂದಳು ಅವಳೇ.

ಮೌಲ್ಯಮಾಪನ: ಅಜ್ಜಿಯ ಅಥವಾ ಮುತ್ತಜ್ಜಿಯ ದುಡಿಮೆಯ ಬಗ್ಗೆ ಮನೆಯಲ್ಲಿ ಉಳಿದಿರುವ ಒಂದು ಸಾಕ್ಷ್ಯವನ್ನು ಗುರುತಿಸಿ, ಅದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂದು ಬರೆಯುವುದು.

ಸಹಪ್ರಶಿಕ್ಷಣಾರ್ಥಿಗಳಿಗೆ: ದಹನದ ನಿಯಮವನ್ನು ಮಕ್ಕಳು ಪುಸ್ತಕದಿಂದಲೂ ಕಲಿಯುತ್ತಾರೆ. ‘ಉಳಿದಿಲ್ಲ’ ಎಂಬುದೂ ‘ನಡೆದೇ ಇಲ್ಲ’ ಎಂಬುದೂ ಒಂದೇ ಅಲ್ಲ ಎನ್ನುವುದನ್ನು ಮಾತ್ರ ತರಗತಿಯಲ್ಲಿ ವಾದಿಸಿಯೇ ಕಲಿಯಬೇಕು. ಅದಕ್ಕೆ ಹತ್ತು ನಿಮಿಷ ಮೀಸಲಿಡಿ.