ನೇರ ಪ್ರಸಾರದ ಚಾಟ್‌ನಲ್ಲಿ ಚಿತ್ರಸಂಜ್ಞೆಗಳು: ಓದುವ ಮತ್ತು ಬಳಸುವ ಬಗೆ



ನಮ್ಮ ಮುಳಬಾಗಿಲು ತಾಲ್ಲೂಕಿನ ಆವಣಿಯಂಥ ದನಗಳ ಜಾತ್ರೆಗಳನ್ನು ಕಂಡವರಿಗೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವ ರೂಢಿ ಹೊಸತಲ್ಲ. ಬೆರಳಿನ ಅರ್ಥ ಬಲ್ಲವನಿಗೆ ವ್ಯಾಪಾರ, ಅರಿಯದವನಿಗೆ ನಷ್ಟ. ಮೊಬೈಲಿನಲ್ಲಿ ಬರುವ ಚಿತ್ರಸಂಜ್ಞೆಗಳ ವಿಷಯವೂ ಇಷ್ಟೇ.

ಯೂಟ್ಯೂಬ್, ಟ್ವಿಚ್ ಮುಂತಾದೆಡೆ ನೇರ ಪ್ರಸಾರ ನಡೆಯುವಾಗ ಪಕ್ಕದಲ್ಲೋ ಕೆಳಗೋ ನೋಡುಗರ ಮಾತುಗಳು ಸಾಲುಸಾಲಾಗಿ ಹರಿಯುತ್ತವೆ. ಇದಕ್ಕೆ ಚಾಟ್ ಎನ್ನುತ್ತಾರೆ. ಇದರಲ್ಲಿ ಬರುವ ಚಿತ್ರಗಳು ಎರಡು ಬಗೆ.

ಮೊದಲನೆಯದು ಎಮೋಜಿ. ಕೈಮುಗಿದ ಚಿತ್ರ, ನಗುಮುಖ, ಎತ್ತಿದ ಹೆಬ್ಬೆರಳು ಈ ಜಾತಿಯವು. ಜಪಾನಿನ ಡೊಕೊಮೊ ಕಂಪೆನಿ 1999ರಲ್ಲಿ ಇಂಥ 176 ಚಿತ್ರಗಳನ್ನು ತನ್ನ ಫೋನುಗಳಿಗೆ ಕೊಟ್ಟಿತು. 2010ರಲ್ಲಿ ಎಮೋಜಿಗಳು ಯೂನಿಕೋಡ್ ಪಟ್ಟಿಗೆ ಸೇರಿದವು. ಆದ್ದರಿಂದ ಇವು ಬಹುತೇಕ ಎಲ್ಲ ಫೋನುಗಳಲ್ಲೂ ಕಾಣುತ್ತವೆ; ರೂಪ ಮಾತ್ರ ತುಸು ಬದಲಾಗಬಹುದು.

ಎರಡನೆಯದು ಎಮೋಟ್. ಇದು ಆಯಾ ವೇದಿಕೆಯ ಸ್ವಂತ ಚಿತ್ರ. 2011ರಲ್ಲಿ ಆರಂಭವಾದ ಟ್ವಿಚ್‌ನಲ್ಲಿ 'ಕಪ್ಪ' ಎಂಬುದು ಬಹಳ ಹೆಸರಾದ ಎಮೋಟು. ನಮ್ಮ ಕಪ್ಪಕಾಣಿಕೆಗೂ ಇದಕ್ಕೂ ಸಂಬಂಧವಿಲ್ಲ. ಆ ಹೆಸರನ್ನು ಇಂಗ್ಲಿಷಿನಲ್ಲಿ, ಮೊದಲ ಅಕ್ಷರ ದೊಡ್ಡದಾಗಿ, ಅಕ್ಕಪಕ್ಕ ಜಾಗ ಬಿಟ್ಟು ಬರೆದರೆ ಅದು ಒಬ್ಬ ಯುವಕನ ಮುಖವಾಗಿ ಮೂಡುತ್ತದೆ. ಅರ್ಥ: 'ನಾನು ಹೇಳಿದ್ದು ವ್ಯಂಗ್ಯ.' ಇನ್ನು ಕೆಲವು ಎಮೋಟುಗಳು ಹೊರಗಿನವರು ತಯಾರಿಸಿದ ಜೋಡಣೆಯಿಂದ ಬರುತ್ತವೆ. ಆ ಜೋಡಣೆ ಹಾಕಿಕೊಳ್ಳದವರಿಗೆ ಚಿತ್ರ ಕಾಣದು, ಬರಿಯ ಅಕ್ಷರ ಕಾಣುತ್ತದೆ.

ಇದರಿಂದ ನಮಗೇನು? ಒಂದು ಉದಾಹರಣೆ. ಶೇ. 1ರ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್ ಎಂದು ತಜ್ಞರು ಹೇಳುತ್ತಿದ್ದಾರೆ ಎನ್ನಿ. ಚಾಟ್‌ನಲ್ಲಿ ಯಾರೋ ಹುಡುಗ 'ಮೈಲುತುತ್ತ ಎರಡು ಪಟ್ಟು ಹಾಕಿ, ರೋಗ ಓಡಿಹೋಗುತ್ತದೆ' ಎಂದು ಬರೆದು ವ್ಯಂಗ್ಯದ ಎಮೋಟ್ ಅಂಟಿಸುತ್ತಾನೆ. ಬಲ್ಲವರು ನಗುತ್ತಾರೆ. ಚಿತ್ರ ಕಾಣದವನು ಅದನ್ನು ಸಲಹೆ ಎಂದು ನಂಬಿ ಅಡಿಕೆಗೆ ಸಿಂಪಡಿಸಿದರೆ ಎಲೆ, ಹರಳು ಸುಟ್ಟಾವು!

ಇನ್ನೊಂದು, ಚಾಟ್‌ನಿಂದ ವ್ಯಾಪಾರಕ್ಕೂ ಹಬ್ಬಿದ ಸಂಗತಿ. ಕೆನಡಾದ ಸಸ್ಕ್ಯಾಚವಾನ್ ಪ್ರಾಂತದಲ್ಲಿ 2021ರ ಮಾರ್ಚಿಯಲ್ಲಿ ಒಬ್ಬ ರೈತನಿಗೆ ವರ್ತಕರು ಅಗಸೆ ಖರೀದಿಯ ಒಪ್ಪಂದದ ಚಿತ್ರ ಕಳಿಸಿ, ಖಚಿತಪಡಿಸಿ ಎಂದರು. ಆತ ಹೆಬ್ಬೆರಳಿನ ಚಿತ್ರವನ್ನಷ್ಟೇ ಒತ್ತಿದ. ಆಮೇಲೆ ಧಾರಣೆ ಏರಿತು, ಮಾಲು ಹೋಗಲಿಲ್ಲ. 'ಪತ್ರ ತಲುಪಿತು ಎಂದಷ್ಟೇ ನನ್ನ ಅರ್ಥ' ಎಂದು ಆತ ವಾದಿಸಿದ. ಹಿಂದೆಯೂ ಹೀಗೆಯೇ ಚುಟುಕಾಗಿ ಉತ್ತರಿಸಿ ಮಾಲು ಒಪ್ಪಿಸಿದ್ದನ್ನು ಗಮನಿಸಿದ ನ್ಯಾಯಾಲಯ, ಅದು ಒಪ್ಪಿಗೆಯೇ ಎಂದು 2023ರಲ್ಲಿ ತೀರ್ಪಿತ್ತು 82,000 ಡಾಲರಿಗೂ ಮೀರಿದ ಪರಿಹಾರ ವಿಧಿಸಿತು. 2024ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಆ ತೀರ್ಪು ನಮ್ಮ ನ್ಯಾಯಾಲಯಗಳಿಗೆ ಕಟ್ಟುಪಾಡಲ್ಲ. ಆದರೂ ಶ್ರೀನಿವಾಸಪುರದಲ್ಲಿ ಮಾವಿನ ಫಸಲನ್ನು ಮರದ ಮೇಲೆಯೇ ಮಾರುವವರಿಗೂ, ಮಾಲೂರು, ಕೋಲಾರದಲ್ಲಿ ತರಕಾರಿ ಕಳಿಸುವವರಿಗೂ ಇದು ಎಚ್ಚರಿಕೆಯ ಗಂಟೆ.

ನೆನಪಿಡತಕ್ಕ ಅಂಶಗಳು:

1. ಔಷಧದ ಪ್ರಮಾಣವನ್ನು ತಜ್ಞರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಚಾಟ್‌ನ ಸಾಲನ್ನು ನಂಬಬೇಡಿ.

2. ಪ್ರಶ್ನೆ ಮಾತಿನಲ್ಲೇ ಇರಲಿ: ಗಿಡದ ವಯಸ್ಸು, ರೋಗ ಕಂಡ ಭಾಗ, ಎಷ್ಟು ದಿನವಾಯಿತು, ಏನು ಸಿಂಪಡಿಸಿದಿರಿ. ಕೊನೆಗೆ ಒಂದು ಕೈಮುಗಿದ ಚಿತ್ರ ಸಾಕು.

3. ಚಿತ್ರಗಳ ಸುರಿಮಳೆ ಬೇಡ. ಇನ್ನೊಬ್ಬ ರೈತನ ಪ್ರಶ್ನೆ ಮೇಲಕ್ಕೆ ಸರಿದು ಮರೆಯಾಗುತ್ತದೆ.

4. ಅರ್ಥ ತಿಳಿಯದ ಎಮೋಟನ್ನು ಒತ್ತಬೇಡಿ. ಮನೆಯ ಮಕ್ಕಳನ್ನು ಕೇಳುವುದರಲ್ಲಿ ಸಂಕೋಚವೇನೂ ಇಲ್ಲ.

5. ದರ, ತೂಕ, ಗಡುವಿನ ವಿಷಯಕ್ಕೆ ಚಿತ್ರದಲ್ಲಿ ಉತ್ತರಿಸಬೇಡಿ. 'ಪತ್ರ ತಲುಪಿದೆ, ಇನ್ನೂ ಒಪ್ಪಿಲ್ಲ' ಎಂದು ಸ್ಪಷ್ಟವಾಗಿ ಬರೆಯಿರಿ.

ಟವೆಲ್ಲಿನ ಮರೆಯ ಬೆರಳು ಇಬ್ಬರಿಗೆ ಮಾತ್ರ ಗೊತ್ತು. ಚಾಟ್‌ನ ಚಿತ್ರವನ್ನು ಊರೆಲ್ಲ ನೋಡುತ್ತದೆ. ಒತ್ತುವ ಮುನ್ನ ಒಮ್ಮೆ ಯೋಚಿಸೋಣ.